ಪ್ರಶ್ನೆ ಕೇಳಲಾರದೆ ಕುಳಿತ ವಕೀಲರು

ಮಕ್ಕಳೇ, ನಮ್ಮ ಬಾಶೆಟ್ಟಿಹಳ್ಳಿಗೆ ನಂದಿಬೆಟ್ಟವೇನೂ ದೂರವಲ್ಲ. 1927ರ ಬೇಸಿಗೆಯಲ್ಲಿ ಆರೋಗ್ಯ ಕೆಟ್ಟಿದ್ದ ಗಾಂಧೀಜಿ ಆ ಬೆಟ್ಟದ ಮೇಲೆ ವಿಶ್ರಾಂತಿ ಪಡೆದಿದ್ದರು. ಆ ಹೊತ್ತಿಗೆ ಅವರು ಹೋದಲ್ಲೆಲ್ಲ ಮಾತು ಕೇಳಲು ಸಾವಿರಾರು ಜನ ಸೇರುತ್ತಿದ್ದರು. ಆದರೆ ವಕೀಲಿ ಶುರುಮಾಡಿದಾಗ ಇದೇ ಗಾಂಧೀಜಿಗೆ ನಾಲ್ಕು ಜನರೆದುರು ಬಾಯಿಯೇ ಬರುತ್ತಿರಲಿಲ್ಲ!

ಲಂಡನ್ನಿನಲ್ಲಿ ಓದುವಾಗ ಭಾಷಣ ಕಲಿಯಲೆಂದು ಅವರು ಒಬ್ಬ ಮೇಷ್ಟರ ಬಳಿ ಹೋದರು. ಒಂದು ಗಿನಿ ಫೀಸು ಕೊಟ್ಟರು. ಇಂಗ್ಲೆಂಡಿನ ದೊಡ್ಡವರೊಬ್ಬರ ಭಾಷಣದಿಂದ ಪಾಠ ಶುರುವಾಯಿತು. ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟರು. ಇನ್ನೊಮ್ಮೆ ಸಸ್ಯಾಹಾರಿಗಳ ಸಭೆಗೆ ಒಂದೇ ಹಾಳೆಯ ಭಾಷಣ ಬರೆದುಕೊಂಡು ಹೋದರು. ಎದ್ದು ನಿಂತರೆ ಕಣ್ಣು ಮಂಜಾಯಿತು, ಮೈ ನಡುಗಿತು. ಕೊನೆಗೆ ಅದನ್ನು ಗೆಳೆಯರೊಬ್ಬರು ಓದಬೇಕಾಯಿತು.

1891ರಲ್ಲಿ ಬ್ಯಾರಿಸ್ಟರ್ ಆಗಿ ಊರಿಗೆ ಮರಳಿದರು. ಮುಂಬಯಿಯಲ್ಲಿ ಮೊದಲ ಮೊಕದ್ದಮೆ ಸಿಕ್ಕಿತು. ಫೀಸು 30 ರೂಪಾಯಿ. ಸಾಕ್ಷಿಗೆ ಪಾಟೀಸವಾಲು ಹಾಕಲು ಎದ್ದರು. ತಲೆ ಸುತ್ತಿತು. ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟರು. ಫೀಸು ಹಿಂದಿರುಗಿಸಿ, ಬೇರೆ ವಕೀಲರನ್ನು ನೋಡಿಕೊಳ್ಳಿ ಎಂದು ಹೇಳಿ ಹೊರನಡೆದರು. ಧೈರ್ಯ ಬರುವವರೆಗೆ ಮೊಕದ್ದಮೆ ಹಿಡಿಯುವುದಿಲ್ಲವೆಂದು ಅಂದೇ ತೀರ್ಮಾನಿಸಿದರು.

ಹಾಗಾದರೆ ಮಾತು ಬಂದದ್ದು ಹೇಗೆ?

1893ರಲ್ಲಿ ಅವರು ದಾದಾ ಅಬ್ದುಲ್ಲಾ ಎಂಬ ವ್ಯಾಪಾರಿಯ ಮೊಕದ್ದಮೆಗಾಗಿ ದಕ್ಷಿಣ ಆಫ್ರಿಕಕ್ಕೆ ಹೋದರು. ಅದು ಲೆಕ್ಕಪತ್ರಗಳ ವ್ಯಾಜ್ಯ. ಗಾಂಧೀಜಿಗೆ ಲೆಕ್ಕ ಬರೆಯುವ ಕ್ರಮ ಗೊತ್ತಿರಲಿಲ್ಲ. ಪುಸ್ತಕ ಕೊಂಡು ತಾವೇ ಕಲಿತರು. ಎರಡೂ ಕಡೆಯ ಸಂಗತಿಗಳನ್ನು ಬಿಡದೆ ಓದಿ ಮನದಟ್ಟು ಮಾಡಿಕೊಂಡರು. ಕಾನೂನಿನಲ್ಲಿ ಮುಕ್ಕಾಲು ಪಾಲು ಇರುವುದು ನಡೆದ ಸಂಗತಿಯೇ ಎಂಬ ಮಾತು ಅವರಿಗೆ ಅಲ್ಲಿ ಚೆನ್ನಾಗಿ ಅರ್ಥವಾಯಿತು.

ಪ್ರಿಟೋರಿಯಾ ಊರಿನಲ್ಲಿ ಭಾರತೀಯರ ಸಭೆ ಕರೆದು, ವ್ಯಾಪಾರದಲ್ಲಿ ಸತ್ಯ ಎಂಬ ವಿಷಯದ ಮೇಲೆ ಮಾತಾಡಿದರು. ಅದೇ ತಮ್ಮ ಮೊದಲ ಭಾಷಣ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಈ ಸಲ ವಿಷಯವನ್ನು ಮೊದಲೇ ಚೆನ್ನಾಗಿ ಯೋಚಿಸಿಕೊಂಡು ಹೋಗಿದ್ದರು. ಲಂಡನ್ನಿನಲ್ಲಿ ಅವರ ಬಾಯಲ್ಲಿದ್ದದ್ದು ಯಾರದೋ ಮಾತು; ಇಲ್ಲಿದ್ದದ್ದು ತಮ್ಮದೇ ಮಾತು.

ನಾಚಿಕೆಯಿಂದ ಒಂದು ಲಾಭವೂ ಆಯಿತಂತೆ: ತೂಗಿ ಮಾತಾಡುವ ಅಭ್ಯಾಸ.

ಅಜ್ಜ, ಅಜ್ಜಿಯರೇ, ಈ ಭಾನುವಾರ ಮನೆಯ ಜಗಲಿಯಲ್ಲೇ ಒಂದು ಕೋರ್ಟು ನಡೆಸಿ. ನ್ಯಾಯಾಧೀಶರು ನೀವೇ. ಟಿವಿ ರಿಮೋಟು ಯಾರ ಕೈಲಿರಬೇಕು ಎಂಬುದೇ ಮೊಕದ್ದಮೆಯಾಗಲಿ. ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ. ಆಮೇಲೆ ಕಡೆ ಬದಲಿಸಿ ವಾದಿಸಲಿ. ಮಗು ನಡುವೆ ತಡವರಿಸಿದರೆ ನಗಬೇಡಿ, ಮಾತನ್ನು ಎತ್ತಿಕೊಡಲೂ ಬೇಡಿ. ಸುಮ್ಮನೆ ಕಾಯಿರಿ. ಮಾತು ತಾನಾಗಿ ಬರುತ್ತದೆ.