ಮೊದಲು ಗೋಡೆ, ಆಮೇಲೆ ಬಣ್ಣ

ಬೀದಿ ಚಿತ್ರಕಾರರನ್ನು ಕರೆಸಿ ಹಳೆಯ ಕಟ್ಟಡಗಳಿಗೆ ದೊಡ್ಡ ಚಿತ್ರ ಬರೆಸುವ ರೂಢಿ ಭಾರತದಲ್ಲಿ ಬಲಗೊಂಡದ್ದು ಕಳೆದ ಹತ್ತು–ಹನ್ನೆರಡು ವರ್ಷಗಳಲ್ಲಿ. ದೆಹಲಿಯ ಲೋಧಿ ಕಾಲೊನಿ ಇದಕ್ಕೆ ಹೆಸರಾಂತ ಉದಾಹರಣೆ. 1940ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ನೌಕರರಿಗಾಗಿ ಕಟ್ಟಿಸಿದ ಮನೆಗಳ ಎತ್ತರದ ಬೋಳು ಗೋಡೆಗಳಿಗೆ ಸ್ಟಾರ್ಟ್ ಇಂಡಿಯಾ ಫೌಂಡೇಶನ್ ದೇಶ–ವಿದೇಶಗಳ ಕಲಾವಿದರಿಂದ ಚಿತ್ರ ಬರೆಸಿದೆ.

ಆದರೆ ಹಳೆಯ ಗೋಡೆಗೆ ಚಿತ್ರಕಾರನನ್ನು ಕರೆಸಿದ ಕಥೆ ಮೈಸೂರು ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಬೇಸಿಗೆ ಅರಮನೆ. ಪಶ್ಚಿಮದ ಹೊರಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧ ಇಡಿಯಾಗಿ ಹರಡಿದೆ: ಕೆಂಪಂಗಿಯ ಈಸ್ಟ್ ಇಂಡಿಯಾ ಕಂಪನಿ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ, ನಡುವೆ ಮದ್ದಿನ ಬಂಡಿ ಸಿಡಿದಿದೆ, ಪಲ್ಲಕ್ಕಿಯಲ್ಲಿ ಕುಳಿತ ಅವರ ದಂಡನಾಯಕ ಕರ್ನಲ್ ಬೈಲಿ ಬೆರಳು ಕಚ್ಚುತ್ತಿದ್ದಾನೆ. ಸೋಲನ್ನು ಇಷ್ಟು ಚಿಕ್ಕ ಸನ್ನೆಯಲ್ಲಿ ಹೇಳಿದ ಚಿತ್ರಕಾರನ ಹೆಸರು ಮಾತ್ರ ಗೋಡೆಯ ಮೇಲಿಲ್ಲ. ಈ ಚಿತ್ರಕ್ಕೆ ಟಿಪ್ಪುವಿನ ಕಾಲದಲ್ಲೇ ಸುಣ್ಣ ಬಳಿಯಲಾಗಿತ್ತು. 1799ರಲ್ಲಿ ಟಿಪ್ಪು ಮಡಿದ ನಂತರ ಅಲ್ಲಿ ಬಿಡಾರ ಹೂಡಿದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಮತ್ತೆ ಮಾಸಿದಾಗ, 19ನೆಯ ಶತಮಾನದ ನಡುವೆ, ಗವರ್ನರ್ ಜನರಲ್ ಡಾಲ್‌ಹೌಸಿ ಮೂಲಚಿತ್ರವನ್ನು ಕಂಡು ನೆನಪಿಟ್ಟಿದ್ದ ಸ್ಥಳೀಯ ಕಲಾವಿದನಿಂದ ಮತ್ತೆ ಬರೆಸಿದ. ಹೊಸ ಅರಮನೆಗೆ ಬರೆಸಿದವನು ಟಿಪ್ಪು. ಹಳೆಯ ಕಟ್ಟಡಕ್ಕೆ ಬರೆಸಿದವನು ಅವನ ಶತ್ರುಪಾಳಯದವನು. ಈಗ ಬಿಸಿಲು ತಾಗದಂತೆ ಸುತ್ತ ಹಸಿರು ಪರದೆಗಳನ್ನು ಇಳಿಬಿಡಲಾಗಿದೆ.

ಇಂದಿನ ತೊಡಕು ಬಣ್ಣದ ಡಬ್ಬಿಯಲ್ಲಿದೆ. ಹಳೆಯ ಕಟ್ಟಡಗಳ ಸುಣ್ಣದ ಗಾರೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಿಗೆ ಹೊರಬಿಡುತ್ತದೆ. ಬೀದಿ ಚಿತ್ರಕ್ಕೆ ಬಳಸುವ ಅಕ್ರಿಲಿಕ್ ಅಥವಾ ಸ್ಪ್ರೇ ಬಣ್ಣ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದ ಹಾಗೆ. ತೇವ ಒಳಗೇ ಉಳಿದು, ಉಪ್ಪು ಹರಳುಗಟ್ಟಿ, ಕೊನೆಗೆ ಬಣ್ಣದ ಜೊತೆ ಗಾರೆಯೂ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಕಲ್ಲಿಗೆ ಹಿಡಿದ ಬಣ್ಣ ತೆಗೆಯಹೋದರೆ ಕಲ್ಲಿನ ಮೈಯೇ ಕಿತ್ತುಬರಬಹುದು. ಸುಣ್ಣದಲ್ಲಿ ಕಲಸಿದ ಮಣ್ಣುಬಣ್ಣ ಇಲ್ಲವೇ ಸಿಲಿಕೇಟ್ ಬಣ್ಣ ಗಾರೆಗೆ ಒಗ್ಗುತ್ತದೆ, ಆದರೆ ಅದಕ್ಕೆ ಹೊಳಪು ಕಡಿಮೆ.

ಕಾನೂನೂ ಇದೆ. ಕೇಂದ್ರದ 1958ರ ಸ್ಮಾರಕ ಕಾಯ್ದೆಯಡಿ ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ರಾಜ್ಯದ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯ್ದೆ ಅನ್ವಯಿಸುತ್ತದೆ. ಲೋಧಿ ಕಾಲೊನಿಯಲ್ಲಿ ಚಿತ್ರ ಬಿದ್ದದ್ದು ಜನ ವಾಸವಿರುವ ಸರ್ಕಾರಿ ಮನೆಗಳ ಮೇಲೆ, ಲೋಧಿ ಅರಸರ ಗೋರಿಗಳ ಮೇಲಲ್ಲ.

ಹರವೆ, ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಹಿಂದೆ ಅರಿಕುಠಾರವಾಗಿದ್ದ ಚಾಮರಾಜನಗರಕ್ಕೆ ತಂದೆಯ ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಚಾಮರಾಜೇಶ್ವರ ಗುಡಿ, ಜನನ ಮಂಟಪಗಳು ಬೀದಿ ಚಿತ್ರಕ್ಕೆ ಒಡ್ಡುವ ಗೋಡೆಗಳಲ್ಲ. ಅಂಥ ಕಡೆ ಚಿತ್ರವನ್ನು ಹಲಗೆಗೋ ಬಟ್ಟೆಗೋ ಬರೆದು ಗೋಡೆಗೆ ಮೊಳೆ ಹೊಡೆಯದೆ ನಿಲ್ಲಿಸುವುದುಂಟು. ನೇರ ಬಣ್ಣ ಬೇಕಾದರೆ ಶಾಲೆಯ ಕಾಂಪೌಂಡು, ನೀರಿನ ಟ್ಯಾಂಕು, ಸಿಮೆಂಟು ಬಳಿದ ಸಂತೆ ಮಳಿಗೆಗಳಿವೆ. ಅಲ್ಲಿ ಐದಾರು ಮಳೆಗಾಲಕ್ಕೆ ಚಿತ್ರ ಮಾಸಿದರೆ ಇನ್ನೊಂದನ್ನು ಬರೆಸಬಹುದು.