ಲೇಬಲ್ ಪಥದ ಸಂಪರ್ಕ ಪರೀಕ್ಷೆ: ಸಾರ್ವಜನಿಕರಿಗೆ ಮಾಹಿತಿ

ಅರ್ಜಿ ಸ್ವೀಕಾರ ಕೌಂಟರಿನಲ್ಲಿ ‘ಸರ್ವರ್ ಸಿಗುತ್ತಿಲ್ಲ’ ಎಂಬ ಉತ್ತರ ದೊರೆತಾಗ ದೋಷವು ಸರ್ವರಿನದೇ ಆಗಿರಬೇಕೆಂದಿಲ್ಲ. ಎಂಪಿಎಲ್‌ಎಸ್ ಪದ್ಧತಿಯ ಜಾಲದಲ್ಲಿ ಮಾಹಿತಿಯ ಪ್ರತಿಯೊಂದು ಪ್ಯಾಕೆಟ್ಟಿಗೂ ಅಂಕಿಯುಳ್ಳ ಲೇಬಲ್ ಸೇರಿಸಲಾಗುತ್ತದೆ. ನಡುವಿನ ರೌಟರುಗಳು ವಿಳಾಸವನ್ನು ಓದದೆ, ಲೇಬಲನ್ನು ಮಾತ್ರ ನೋಡಿ ಅದನ್ನು ಮುಂದಕ್ಕೆ ಕಳುಹಿಸುತ್ತವೆ.

ಸದರಿ ಪಥವು ನಡುವೆ ಕಡಿದಿದ್ದರೂ ರೌಟರುಗಳ ನಡುವಿನ ಸಾಮಾನ್ಯ ಪಿಂಗ್ ಪರೀಕ್ಷೆಗೆ ಉತ್ತರ ಬರಬಹುದು. ಲೇಬಲ್ ಕಳಚಿದ ಪ್ಯಾಕೆಟ್ ಐಪಿ ವಿಳಾಸದ ಆಧಾರದಲ್ಲಿ ಗುರಿ ಸೇರುವುದೇ ಇದಕ್ಕೆ ಕಾರಣ. ಆದರೆ ಕಚೇರಿಗಳ ಖಾಸಗಿ ಜಾಲದ ವಿಳಾಸಗಳು ನಡುವಿನ ರೌಟರುಗಳಿಗೆ ತಿಳಿದಿರುವುದಿಲ್ಲವಾದ್ದರಿಂದ ಅರ್ಜಿಯ ಪ್ಯಾಕೆಟ್ ಅಲ್ಲಿಯೇ ನಷ್ಟವಾಗುತ್ತದೆ. ಪರೀಕ್ಷೆ ಸರಿಯಿದ್ದು ಅರ್ಜಿ ಹೋಗದಿರುವುದು ಹೀಗೆ.

ಇದಕ್ಕೆಂದೇ ಲೇಬಲ್ ಪಥದ ಪಿಂಗ್ ವಿಧಾನವನ್ನು ಐಇಟಿಎಫ್ ಸಂಸ್ಥೆಯು 2006ರಲ್ಲಿ ನಿಗದಿಪಡಿಸಿ, 2017ರಲ್ಲಿ ಪರಿಷ್ಕರಿಸಿತು. ಇದರ ಪ್ಯಾಕೆಟ್ಟಿಗೆ 127ರಿಂದ ಆರಂಭವಾಗುವ ವಿಳಾಸ ನೀಡಲಾಗುತ್ತದೆ. ಅಂತಹ ವಿಳಾಸದ ಪ್ಯಾಕೆಟ್ಟನ್ನು ರೌಟರು ಐಪಿ ಮಾರ್ಗದಲ್ಲಿ ಮುಂದಕ್ಕೆ ಬಿಡುವುದಿಲ್ಲ. ಲೇಬಲ್ ಕಳಚಿದೆಡೆಯೇ ಅದು ನಿಂತು ದೋಷ ಬಯಲಾಗುತ್ತದೆ. ಟ್ರೇಸ್‌ರೂಟ್ ವಿಧಾನದಲ್ಲಿ ಲೇಬಲಿನ ಟಿಟಿಎಲ್ ಅಂಕಿಯನ್ನು 1, 2, 3 ಎಂದು ಏರಿಸುತ್ತಾ ಹೋದಂತೆ ರೌಟರುಗಳು ಸರದಿಯಾಗಿ ಉತ್ತರಿಸುವುದರಿಂದ ಕಡಿದ ಸ್ಥಳವೂ ತಿಳಿಯುತ್ತದೆ.

ಪರೀಕ್ಷೆಯನ್ನು ಆಯಾ ಪಥದ ಆರಂಭದ ರೌಟರಿನಿಂದಲೇ ನಡೆಸಬೇಕಾಗಿರುವುದರಿಂದ, ದೂರು ನೀಡುವ ಅರ್ಜಿದಾರರು ಕೌಂಟರಿನ ಸ್ಥಳ ಹಾಗೂ ಅಡಚಣೆಯಾದ ಸಮಯವನ್ನು ನಮೂದಿಸುವುದು ಸೂಕ್ತ.