ಹೆಪ್ಪುಗಟ್ಟಿದ ನೆಲದಲ್ಲಿ ಅಣುವಿನ ಒಲೆ

ಮೈನಸ್ 50 ಡಿಗ್ರಿ ಚಳಿ! ನೆಲದಡಿಯ ಮಣ್ಣು ಬೇಸಿಗೆಯಲ್ಲೂ ಕಲ್ಲಿನಂತೆ ಹೆಪ್ಪುಗಟ್ಟಿಯೇ ಇರುತ್ತದೆ. ಉತ್ತರ ಧ್ರುವವೃತ್ತದಿಂದಲೂ ಆಚೆಗಿರುವ ಅಂಥ ಜಾಗದಲ್ಲಿ 1974ರಷ್ಟು ಹಿಂದೆಯೇ ಅಣು ವಿದ್ಯುತ್ ಸ್ಥಾವರವೊಂದು ಉರಿಯತೊಡಗಿತ್ತು ಎಂದರೆ ನಂಬುತ್ತೀರಾ? ಊರು ಬಿಲಿಬಿನೊ. ಇರುವುದು ರಷ್ಯಾದ ಈಶಾನ್ಯದ ತುತ್ತತುದಿಯ ಚುಕೋಟ್ಕಾದಲ್ಲಿ.

ಅಲ್ಲಿಗೆ ಜನರನ್ನು ಎಳೆದದ್ದು ಚಿನ್ನ. ಆ ಸೀಮೆಯಲ್ಲಿ ಚಿನ್ನವಿದೆ ಎಂದು ಸಾರಿದ ಭೂವಿಜ್ಞಾನಿ ಯೂರಿ ಬಿಲಿಬಿನ್ ಹೆಸರನ್ನೇ ಊರಿಗೆ ಇಟ್ಟರು. ಗಣಿಗೆ ಕರೆಂಟ್ ಬೇಕು, ಆದರೆ ದೇಶದ ವಿದ್ಯುತ್ ಜಾಲ ಅಲ್ಲಿಯವರೆಗೆ ಹೋಗಿಲ್ಲ. ಕಲ್ಲಿದ್ದಲು, ಡೀಸೆಲ್ ಸಾಗಿಸಲು ವರ್ಷವಿಡೀ ತೆರೆದಿರುವ ರಸ್ತೆಯೂ ಇಲ್ಲ. ಹಾಗಾಗಿ ತಲಾ 12 ಮೆಗಾವ್ಯಾಟಿನ ನಾಲ್ಕು ಪುಟ್ಟ ರಿಯಾಕ್ಟರುಗಳನ್ನು ಕಟ್ಟಿದರು.

ಅವುಗಳ ಒಳಗನ್ನು ತುಸು ನೋಡಿ. ರಿಯಾಕ್ಟರಿನೊಳಗೆ ನೀರನ್ನು ಸುತ್ತಿಸಲು ಪಂಪೇ ಇಲ್ಲ! ಇಂಧನದ ಶಾಖಕ್ಕೆ ಕುದಿದ ನೀರು ಹಗುರಾಗಿ ಮೇಲೇರುತ್ತದೆ. ಹಬೆ ಬೇರ್ಪಟ್ಟು ಟರ್ಬೈನಿಗೆ ಹೋಗುತ್ತದೆ. ಉಳಿದ ನೀರು ತಣ್ಣೀರಿನೊಡನೆ ಸೇರಿ, ಭಾರವಾಗಿ, ತಾನಾಗಿಯೇ ಕೆಳಗಿಳಿಯುತ್ತದೆ. ನೆರವಿಗೆ ಯಾರೂ ಬೇಗ ಬರಲಾಗದ ಜಾಗದಲ್ಲಿ, ಕೆಟ್ಟುನಿಲ್ಲಬಹುದಾದ ಯಂತ್ರವೊಂದನ್ನೇ ಕೈಬಿಟ್ಟು ಆ ಕೆಲಸವನ್ನು ಗುರುತ್ವಕ್ಕೆ ಒಪ್ಪಿಸಿದ ಜಾಣ್ಮೆಗೆ ಮಾರುಹೋಗದೆ ಇರುವುದು ಹೇಗೆ?

ಹೊರಗಿನ ತೊಡಕೇ ಬೇರೆ. ತೆರೆದ ಕೂಲಿಂಗ್ ಟವರ್ ಕಟ್ಟಿದರೆ ಏಳುವ ತೇವವೆಲ್ಲ ಹಿಮವಾಗಿ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಅಲ್ಲಿ ನೀರು ಮುಚ್ಚಿದ ರೇಡಿಯೇಟರ್ ಕೊಳವೆಗಳಲ್ಲೇ ಹರಿದು ಗಾಳಿಗೆ ತಣಿಯುತ್ತದೆ. ಊರಿನ ಬಿಸಿನೀರಿನ ಪೈಪುಗಳೂ ನೆಲದ ಮೇಲೆಯೇ ಸಾಗುತ್ತವೆ. ಹೂತರೆ ಅವುಗಳ ಶಾಖಕ್ಕೆ ಮಣ್ಣಿನೊಳಗಿನ ಮಂಜು ಕರಗಿ ನೆಲವೇ ಕುಸಿದೀತು.

ಹೌದು, ಬಿಸಿನೀರು! ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ್ದು ಇದೇ. ಬೇರೆಡೆ ಅಣುಸ್ಥಾವರಗಳು ತಮ್ಮ ಶಾಖದ ಬಹುಪಾಲನ್ನು ನದಿಗೋ ಕಡಲಿಗೋ ಗಾಳಿಗೋ ಚೆಲ್ಲುತ್ತವೆ. ಇಲ್ಲಿ ಆ ಶಾಖವೇ ಮನೆಮನೆಗೆ ಹರಿದು ಜನರ ಜೀವ ಕಾಯುತ್ತದೆ. ದೀಪವಿಲ್ಲದೆ ಒಂದು ರಾತ್ರಿ ಕಳೆಯಬಹುದು, ಆ ಚಳಿಯಲ್ಲಿ ಶಾಖವಿಲ್ಲದೆ ಕಳೆಯಲಾಗದು.

ಅಲ್ಲಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕರಾವಳಿಯಲ್ಲಿ ಪೆವೆಕ್ ಇದೆ. ಅಲ್ಲಿಗೆ ಅಣುಸ್ಥಾವರ ಕಡಲ ಮೇಲೆ ತೇಲಿಕೊಂಡೇ ಬಂತು! 144 ಮೀಟರ್ ಉದ್ದದ ‘ಅಕಾಡೆಮಿಕ್ ಲೊಮೊನೊಸೊವ್’ ತನ್ನಷ್ಟಕ್ಕೆ ಚಲಿಸುವ ಹಡಗಲ್ಲ. 2019ರ ಆಗಸ್ಟ್‌ನಲ್ಲಿ ಟಗ್ ದೋಣಿಗಳು ಅದನ್ನು ಮುರ್ಮಾನ್ಸ್ಕ್‌ನಿಂದ ಎಳೆದು ಹೊರಟವು. ಸುಮಾರು 4,700 ಕಿಲೋಮೀಟರ್ ದಾಟಿ ಸೆಪ್ಟೆಂಬರ್‌ನಲ್ಲಿ ಪೆವೆಕ್ ಮುಟ್ಟಿಸಿದವು. ಅದರೊಳಗೆ ಹಿಮಭೇದಕ ಹಡಗುಗಳ ರಿಯಾಕ್ಟರುಗಳಿಂದ ರೂಪುಗೊಂಡ, ತಲಾ 35 ಮೆಗಾವ್ಯಾಟಿನ ಎರಡು ರಿಯಾಕ್ಟರುಗಳಿವೆ. ಅದು ಊರಿಗೆ ಮೊದಲ ಕರೆಂಟ್ ಕೊಟ್ಟದ್ದು ಅದೇ ಡಿಸೆಂಬರ್ 19ರಂದು. ವಾರಗಟ್ಟಲೆ ಸೂರ್ಯ ಮೂಡದ ಧ್ರುವರಾತ್ರಿಯ ನಟ್ಟನಡುವೆ!

ಪರಿಸರವಾದಿಗಳು ಇದಕ್ಕೆ ಹೆದರಿದ್ದು ಸಹಜ. ಮಂಜುಗಡ್ಡೆಯ ಕಡಲಲ್ಲಿ ಅವಘಡವಾದರೆ ನೆರವು ತಲುಪುವುದು ನಿಧಾನ. ಆ ಪ್ರಶ್ನೆಯನ್ನು ಬದಿಗೆ ಸರಿಸಿ ಬರೀ ಬೆರಗುಪಡುವುದು ನನಗೂ ಒಪ್ಪಿಗೆಯಲ್ಲ.

ಬಿಲಿಬಿನೊದ ಮೊದಲ ರಿಯಾಕ್ಟರ್ 2019ರಲ್ಲಿ ಕಣ್ಮುಚ್ಚಿತು. ಅದರ ಪಾಲಿನ ಕರೆಂಟನ್ನು ಪೆವೆಕ್ ತಂತಿಯಲ್ಲಿ ಕಳಿಸಬಲ್ಲದು. ಅಷ್ಟು ದೂರಕ್ಕೆ ಬಿಸಿನೀರನ್ನು ಕಳಿಸಲಾರದು. ಹಳೆಯ ರಿಯಾಕ್ಟರುಗಳೆಲ್ಲ ಆರುವ ಮೊದಲು ಬಿಲಿಬಿನೊಗೆ ಬೇರೊಂದು ಒಲೆ ಬೇಕೇ ಬೇಕು.